ಡ್ರಮ್ಮರ್ ಹೊರಗೆ ಚಹಾ ಕುಡಿಯುವಾಗ ಒಳಗೆ ಬಾರಿಸುವವರು ಯಾರು?

ಹೋದ ಮಳೆಗಾಲದಲ್ಲಿ ಒಂದು ದಿನ ಹುಬ್ಬಳ್ಳಿಯ ಸಣ್ಣ ಸ್ಟುಡಿಯೋವೊಂದರ ಮೆಟ್ಟಿಲ ಮೇಲೆ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹುಡುಗ ಚಹಾ ಹಿಡಿದು ಕೂತಿದ್ದ. ಎಂಜಿನಿಯರಿಂಗ್ ಓದುತ್ತಿರುವ ನಾಲ್ವರ ರಾಕ್ ಬ್ಯಾಂಡಿಗೆ ಅವನೇ ಡ್ರಮ್ಮರ್. ಒಳಗೆ ಅವರದೇ ಹಾಡಿನ ರೆಕಾರ್ಡಿಂಗ್ ನಡೆದಿತ್ತು. ಡ್ರಮ್ಸ್ ಬಾರಿಸುತ್ತಿದ್ದವನು ಮಾತ್ರ ಬೆಂಗಳೂರಿನಿಂದ ರಾತ್ರಿ ಬಸ್ಸಿಗೆ ಬಂದಿದ್ದ ಬೇರೊಬ್ಬ.

"ಸರ್, ಹಂಗಾದ್ರ ಇದು ನಮ್ಮ ಹಾಡು ಹೆಂಗಾತ್ರಿ?" ಅಂತ ಕೇಳಿದ. ಕಪ್ಪಿನಲ್ಲಿದ್ದ ಚಹಾ ಆರಿ ತಣ್ಣಗಾಗಿತ್ತು.

ನಾನು ಇಪ್ಪತ್ತು ವರ್ಷ ಗಣೇಶನ ಹಬ್ಬದ ರಸಮಂಜರಿಗಳಲ್ಲಿ ಕೀಬೋರ್ಡ್ ನುಡಿಸಿದವನು. ಈಗ ಇಂಥ ಹುಡುಗರಿಗೆ ರೆಕಾರ್ಡಿಂಗ್ ಹೊತ್ತಿಗೆ ಅಷ್ಟಿಷ್ಟು ನೆರವಾಗುತ್ತೇನೆ. ಅವನ ಪ್ರಶ್ನೆಗೆ ಮೆಟ್ಟಿಲ ಮೇಲೆ ಹೇಳಿದ್ದು ಸ್ವಲ್ಪ, ಮನಸ್ಸಿನಲ್ಲಿ ಉಳಿದದ್ದು ಜಾಸ್ತಿ.

ಮೊದಲು ಅವನಿಗೆ ಹೇಳಿದ್ದು ರಿಂಗೋ ಸ್ಟಾರ್ ಕಥೆ. 1962ರ ಸೆಪ್ಟೆಂಬರ್ 4ರಂದು ಲಂಡನ್ನಿನಲ್ಲಿ ಬೀಟಲ್ಸ್ ತಮ್ಮ ಮೊದಲ ಸಿಂಗಲ್ (ಆಲ್ಬಮ್ ಅಲ್ಲದ ಚಿಕ್ಕ ರೆಕಾರ್ಡು) 'ಲವ್ ಮಿ ಡು' ರೆಕಾರ್ಡ್ ಮಾಡಿದರು. ರಿಂಗೋ ಬ್ಯಾಂಡಿಗೆ ಸೇರಿ ಕೆಲವೇ ವಾರ ಆಗಿತ್ತು. ಡ್ರಮ್ಸ್ ಕೇಳಿ ಸ್ಟುಡಿಯೋದವರಿಗೆ ಸಮಾಧಾನ ಆಗಲಿಲ್ಲ. ಸೆಪ್ಟೆಂಬರ್ 11ಕ್ಕೆ ಮತ್ತೆ ರೆಕಾರ್ಡಿಂಗ್ ಇಟ್ಟರು. ರಿಂಗೋ ಹೋಗಿ ನೋಡಿದರೆ ಡ್ರಮ್ಸ್ ಮುಂದೆ ಆಂಡಿ ವೈಟ್ ಎಂಬ ಸೆಷನ್ ಡ್ರಮ್ಮರ್ ಕೂತಿದ್ದ. ರಿಂಗೋ ಕೈಗೆ ಒಂದು ಟ್ಯಾಂಬುರಿನ್ ಕೊಟ್ಟರು. ನಮ್ಮ ದಮ್ಮಡಿಯ ಅಣ್ಣತಮ್ಮ ಅನ್ನಿ. ಬ್ರಿಟನ್ನಿನಲ್ಲಿ ಮೊದಲು ಬಂದ ಸಿಂಗಲ್‌ನಲ್ಲಿ ರಿಂಗೋ ಡ್ರಮ್ಸ್ ಇದೆ, ಆಲ್ಬಮ್ಮಿನಲ್ಲಿ ಇರುವುದು ಆಂಡಿ ವೈಟ್‌ದು. ಎರಡನ್ನೂ ಬೇರೆ ಮಾಡಿ ಗುರುತಿಸುವುದು ಸುಲಭ. ಟ್ಯಾಂಬುರಿನ್ ಗಿಲಿಗಿಲಿ ಕೇಳಿಸಿದರೆ ಡ್ರಮ್ಸ್ ಆಂಡಿ ವೈಟ್‌ದು.

ಹುಡುಗ ಸ್ವಲ್ಪ ನಕ್ಕ. ಆದರೆ ಅವನ ಪ್ರಶ್ನೆ ಹಾಗೇ ಇತ್ತು.

ಸೆಷನ್ ಕಲಾವಿದ ಅಂದರೆ ಬ್ಯಾಂಡಿನ ಸದಸ್ಯನಲ್ಲ. ಗೊತ್ತು ಮಾಡಿದ ಹೊತ್ತಿಗೆ ಬಂದು, ನುಡಿಸಿ, ದುಡ್ಡು ತೆಗೆದುಕೊಂಡು ಹೋಗುವವನು. ಅಮೆರಿಕದ ಸಂಗೀತಗಾರರ ಯೂನಿಯನ್ ಒಪ್ಪಂದದಲ್ಲಿ ಒಂದು ಸೆಷನ್ ಅಂದರೆ 3 ಗಂಟೆ. ಆ ಹೊತ್ತಿನಲ್ಲಿ ಹೆಚ್ಚೆಂದರೆ 15 ನಿಮಿಷದಷ್ಟು ಸಿದ್ಧ ಸಂಗೀತ ತೆಗೆಯಬಹುದು. ಅಂದರೆ ಮೂರೋ ನಾಲ್ಕೋ ಹಾಡು. ಬಂದವನು ಆ ಹಾಡುಗಳನ್ನು ಮೊದಲು ಕೇಳಿಯೇ ಇಲ್ಲದಿರಬಹುದು. ಆದರೂ ಅಷ್ಟರೊಳಗೆ ಮುಗಿಸಿಕೊಡುವ ಕಸುಬು ಅದು.

ಸರಿ, ವೇದಿಕೆ ಮೇಲೆ ಚೆನ್ನಾಗಿಯೇ ಬಾರಿಸುವ ಹುಡುಗನಿಗೆ ಸ್ಟುಡಿಯೋದಲ್ಲಿ ಏನಾಗುತ್ತದೆ? ಇಲ್ಲಿ ಸ್ವಲ್ಪ ನಿಲ್ಲಬೇಕು. ಹೊರಗಿನವರಿಗೆ ಅರ್ಥವಾಗದೆ ಉಳಿಯುವುದು ಇದೇ.

ವೇದಿಕೆಯಲ್ಲಿ ಲಯ ತುಸು ಓಡಿದರೆ ಎಲ್ಲರೂ ಜೊತೆಗೇ ಓಡುತ್ತಾರೆ. ಕೇಳುವವರಿಗೆ ಅದು ಹುರುಪು. ಸ್ಟುಡಿಯೋದಲ್ಲಿ ಎಲ್ಲರೂ ಒಟ್ಟಿಗೆ ನುಡಿಸುವುದೇ ಕಡಿಮೆ. ಮೊದಲು ಡ್ರಮ್ಸ್, ಆಮೇಲೆ ಬೇಸ್, ಆಮೇಲೆ ಗಿಟಾರ್, ಕೊನೆಗೆ ಹಾಡು. ಗೋಡೆ ಕಟ್ಟಿದ ಹಾಗೆ ಒಂದರ ಮೇಲೊಂದು. ಎಲ್ಲರ ಕಿವಿಯಲ್ಲೂ ಹೆಡ್‌ಫೋನ್, ಅದರಲ್ಲಿ ಲಯ ತೋರಿಸಲು 'ಟಿಕ್ ಟಿಕ್' ಅನ್ನುವ ಕ್ಲಿಕ್. ಅಡಿಪಾಯ ಸೊಟ್ಟಗಾದರೆ ಮೇಲಿನ ಗೋಡೆ ನೆಟ್ಟಗೆ ಬರುವುದಿಲ್ಲ.

ಲೆಕ್ಕ ನೋಡಿ. ಹಾಡಿನ ವೇಗ ನಿಮಿಷಕ್ಕೆ 120 ಬೀಟ್ ಎಂದಿಟ್ಟುಕೊಳ್ಳಿ. ಒಂದು ಬೀಟ್ ಅಂದರೆ ಅರ್ಧ ಸೆಕೆಂಡು. ಅದರ ಕಾಲು ಭಾಗ 125 ಮಿಲಿಸೆಕೆಂಡು. ಕಾಲಿನಿಂದ ಬಾರಿಸುವ ಕಿಕ್ ಡ್ರಮ್ಮಿನ ಏಟು, ಬೇಸ್ ಗಿಟಾರಿನ ತಂತಿ ಎರಡೂ ಒಂದೇ ಏಟಾಗಿ ಬೀಳಬೇಕು. ನಡುವೆ 30-40 ಮಿಲಿಸೆಕೆಂಡು ಸಂದು ಬಂದರೆ ಕಿವಿಗೆ ಎರಡು ಏಟಾಗಿ ಕೇಳಿಸಲು ಶುರುವಾಗುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡು ಬೇಕು. ಅಂದರೆ ದೊಡ್ಡ ವೇದಿಕೆಯಲ್ಲಿ ಏಳು ಮೀಟರ್ ದೂರ ನಿಂತವರು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವುದೇ 20 ಮಿಲಿಸೆಕೆಂಡು ತಡವಾಗಿ. ಅಲ್ಲಿ ಹಾಲಿನ ಪ್ರತಿಧ್ವನಿ, ಜನರ ಗದ್ದಲ ಎಲ್ಲವನ್ನೂ ಮುಚ್ಚಿಬಿಡುತ್ತವೆ. ಸ್ಟುಡಿಯೋದಲ್ಲಿ ಮೈಕು ಡ್ರಮ್ಮಿನಿಂದ ಎರಡು ಬೆರಳು ದೂರದಲ್ಲಿ ಇರುತ್ತದೆ. ಅದಕ್ಕೆ ದಾಕ್ಷಿಣ್ಯ ಇಲ್ಲ.

"ಕಂಪ್ಯೂಟರಿನಲ್ಲಿ ಎಳೆದು ಸರಿ ಮಾಡಬಹುದಲ್ವಾ?" ಅಂತ ನೀವು ಕೇಳಬಹುದು. ಮಾಡುತ್ತಾರೆ. ಆದರೆ ಡ್ರಮ್ಸ್‌ಗೆ ಎಂಟೋ ಹತ್ತೋ ಮೈಕು ಇರುತ್ತವೆ. ಸ್ನೇರ್ ಎಂಬ ಡ್ರಮ್ಮಿನ ಸದ್ದು ಸಿಂಬಲ್ ಎಂಬ ತಾಳದ ತಟ್ಟೆಯ ಮೈಕಿನಲ್ಲೂ ಇರುತ್ತದೆ. ಒಂದು ಏಟು ಸರಿಸಬೇಕಾದರೆ ಎಲ್ಲ ಟ್ರ್ಯಾಕುಗಳನ್ನೂ ಒಟ್ಟಿಗೆ ಕತ್ತರಿಸಿ ಸರಿಸಬೇಕು. ಗಂಟೆಗಟ್ಟಲೆ ಕೆಲಸ. ಕೊನೆಗೆ ಹಾಡು ಇಸ್ತ್ರಿ ಹೊಡೆದ ಹಾಗೆ ಚಪ್ಪಟೆಯಾಗುತ್ತದೆ. ಅದೂ ಅಲ್ಲದೆ ಕಂಪ್ಯೂಟರು ಹೊತ್ತು ಸರಿಮಾಡೀತು, ಏಟಿನ ತೂಕ ಸರಿಮಾಡುವುದು ಕಷ್ಟ. ಒಂದು ಏಟು ಗಟ್ಟಿ, ಮುಂದಿನದು ಮೆತ್ತಗೆ ಆಗುತ್ತಿದ್ದರೆ ಹಾಡು ಕುಂಟುತ್ತದೆ. ನಮ್ಮ ಹುಡುಗನ ತೊಂದರೆ ಇದೇ ಆಗಿತ್ತು. ಮೂರು ತಾಸಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಟೇಕ್ ಕೊಟ್ಟ. ಪ್ರತಿ ಸಲವೂ ಕೋರಸ್ ಬಂದ ಕೂಡಲೇ ಖುಷಿಗೆ ಓಡಿಬಿಡುತ್ತಿದ್ದ. ಸ್ಟುಡಿಯೋ ಬಾಡಿಗೆ ತಾಸಿನ ಲೆಕ್ಕದಲ್ಲಿ. ನಾಲ್ವರೂ ಪಾಕೆಟ್ ಮನಿ ಕೂಡಿಸಿ ತಂದ ದುಡ್ಡು. ಸಂಜೆಗೆ ಅವನೇ "ಬ್ಯಾರೆಯವರನ್ನ ಕರಸೋಣ" ಅಂದ. ಹಾಗಂದವನು ಅವನೇ ಅನ್ನುವುದು ಮುಖ್ಯ.

ಈ ಲೆಕ್ಕಾಚಾರ ದೊಡ್ಡವರಿಗೂ ಬಿಟ್ಟಿಲ್ಲ. 1965ರ ಜನವರಿಯಲ್ಲಿ ಲಾಸ್ ಏಂಜಲಿಸ್‌ನಲ್ಲಿ ಬರ್ಡ್ಸ್ ಬ್ಯಾಂಡ್ 'ಮಿಸ್ಟರ್ ಟ್ಯಾಂಬುರಿನ್ ಮ್ಯಾನ್' ರೆಕಾರ್ಡ್ ಮಾಡಿತು. ಬ್ಯಾಂಡಿನವರಲ್ಲಿ ವಾದ್ಯ ನುಡಿಸಿದವನು ಹನ್ನೆರಡು ತಂತಿಯ ಗಿಟಾರಿನ ಮ್ಯಾಕ್‌ಗ್ವಿನ್ ಒಬ್ಬನೇ. ಡ್ರಮ್ಸ್ ಹಾಲ್ ಬ್ಲೇನ್, ಬೇಸ್ ಲ್ಯಾರಿ ನೆಕ್ಟಲ್. ಇಬ್ಬರೂ 'ರೆಕಿಂಗ್ ಕ್ರೂ' ಎಂದು ಹೆಸರಾದ ಸೆಷನ್ ಗುಂಪಿನವರು. ಅವರ ಜೊತೆ ಮೂರು ತಾಸಿನಲ್ಲಿ ಎರಡು ಹಾಡು ಮುಗಿದವು, ಮುಂದೆ ಬ್ಯಾಂಡಿನವರೇ ನುಡಿಸಿದ ಹಾಡೊಂದಕ್ಕೆ 77 ಟೇಕ್ ಬೇಕಾಯಿತು ಎಂದು ಮ್ಯಾಕ್‌ಗ್ವಿನ್ನೇ ನಗುತ್ತ ಹೇಳಿಕೊಂಡಿದ್ದಾನೆ. ಬೀಚ್ ಬಾಯ್ಸ್ ಬ್ಯಾಂಡಿನ 1966ರ 'ಪೆಟ್ ಸೌಂಡ್ಸ್' ಆಲ್ಬಮ್ಮಿನ ಹೆಚ್ಚಿನ ವಾದ್ಯಗಳೂ ಇದೇ ಗುಂಪಿನವು. ಬ್ಯಾಂಡಿನವರು ಪ್ರವಾಸದಲ್ಲಿದ್ದರು. ಅವರಲ್ಲೊಬ್ಬನಾದ ಬ್ರಯನ್ ವಿಲ್ಸನ್ ಮಾತ್ರ ಸ್ಟುಡಿಯೋದಲ್ಲಿ ಕೂತು ಟ್ರ್ಯಾಕು ಕಟ್ಟಿದ, ಉಳಿದವರು ಬಂದು ಹಾಡಿದರು.

ಕೈ ಸಾಲದೆ ಕರೆಸುವುದು ಒಂದು ಬಗೆ. ಇನ್ನೊಂದು ಬಗೆ ರುಚಿಯದು. ಸ್ಟೀಲಿ ಡ್ಯಾನ್ ಎಂಬ ಅಮೆರಿಕದ ಬ್ಯಾಂಡಿನ ಇಬ್ಬರೂ ಒಳ್ಳೆಯ ವಾದಕರೇ. ಆದರೂ 1977ರ 'ಏಜಾ' ಆಲ್ಬಮ್ಮಿಗೆ ಹತ್ತಾರು ಜನರನ್ನು ಕರೆಸಿದರು. ಒಂದು ಹಾಡಿನ ಚಿಕ್ಕ ಗಿಟಾರ್ ಸೋಲೋಗೆ ಒಬ್ಬರಾದ ಮೇಲೆ ಒಬ್ಬರು ನುಡಿಸಿ ಹೋದರು. ಕೊನೆಗೆ ಜೇ ಗ್ರೇಡನ್ ನುಡಿಸಿದ್ದು ಉಳಿಯಿತು. ನನಗಂತೂ ಇದು ಸ್ವಲ್ಪ ಅತಿ ಅನ್ನಿಸುತ್ತದೆ. ಆದರೆ ಆ ಸೋಲೋ ಕೇಳಿದಾಗ ಬಾಯಿ ಮುಚ್ಚಿಕೊಳ್ಳುತ್ತೇನೆ.

ಮೂರನೆಯದು ಬ್ಯಾಂಡಿನಲ್ಲಿ ಇಲ್ಲದ ವಾದ್ಯ. ನಮ್ಮ ಕಡೆ ಹೆಚ್ಚು ನಡೆಯುವುದು ಇದು.

ಈ ಹುಡುಗರ ಹಾಡು ಶಿಶುನಾಳ ಶರೀಫರ ಒಂದು ತತ್ವಪದ. ಹಾವೇರಿ ಜಿಲ್ಲೆಯ ಶಿಶುವಿನಹಾಳದ ಶರೀಫರು ತೀರಿಕೊಂಡಿದ್ದು 1889ರಲ್ಲಿ. ಸಾಹಿತ್ಯಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಆದರೆ ಸಿ. ಅಶ್ವತ್ಥರು ಹಾಕಿದ ರಾಗ ಹಾಗಲ್ಲ, ಅದು ಅವರ ಕೃತಿ. ಹುಡುಗರು ಇದನ್ನು ತಿಳಿದುಕೊಂಡೇ ತಮ್ಮ ಸ್ವಂತ ಧಾಟಿ ಕಟ್ಟಿದ್ದರು. ತತ್ವಪದ ಅಂದ ಮೇಲೆ ತಬಲಾ ಬೇಕೇ ಬೇಕು ಅಂತ ಹಟ. ಗದಗಿನಿಂದ ಒಬ್ಬ ಮಾಸ್ತರರನ್ನು ಕರೆಸಿದೆವು. ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತವರು. ಕಣ್ಣು ಕಾಣುವುದಿಲ್ಲ.

ಬಂದವರೇ ಕೇಳಿದ ಮೊದಲ ಮಾತು: "ತಮ್ಮಾ, ನಿಮ್ಮ ಸಾ ಯಾವುದು ಹೇಳಪಾ."

"ಮಾಸ್ತರ್ರ, ನಮ್ಮದು ಇ ಮೈನರ್ ರೀ."

"ಅದೇನು ಮೈನರೋ ಮೇಜರೋ. ಪೆಟ್ಟಿಗಿ ಮ್ಯಾಲೆ ಯಾವ ಮನಿ?"

ಹಾರ್ಮೋನಿಯಮ್ಮಿನ ಬಿಳಿ ಮೂರು ಎಂದು ನಾನು ಹೇಳಿದೆ. ಮಾಸ್ತರರು ಚೀಲದಿಂದ ಚಿಕ್ಕ ಬಾಯಿಯ ತಬಲಾ ತೆಗೆದರು. ರಾಕ್ ಬ್ಯಾಂಡಿನವರು ಇದನ್ನು ಬರೆದಿಟ್ಟುಕೊಳ್ಳಬೇಕು. ತಬಲಾಕ್ಕೂ ಒಂದು ಸ್ವರ ಇರುತ್ತದೆ. ಸುತ್ತಿಗೆಯಿಂದ ಬಡಿದು ಏರಿಸಿ ಇಳಿಸಬಹುದಾದ್ದು ಸ್ವಲ್ಪವೇ. ಅದಕ್ಕಿಂತ ಜಾಸ್ತಿ ಬೇಕಾದರೆ ಬೇರೆ ಅಳತೆಯ ತಬಲಾನೇ ಬೇಕು. ಫೋನ್ ಮಾಡುವಾಗಲೇ ಸ್ಕೇಲ್, ಅಂದರೆ ಸಾ ಯಾವುದು ಎಂದು, ಹೇಳದಿದ್ದರೆ ಮಾಸ್ತರರು ಗದಗಿನಿಂದ ಬಂದೂ ಸುಮ್ನೆ ವಾಪಸ್ ಹೋಗಬೇಕಾಗುತ್ತದೆ. ಹಾರ್ಮೋನಿಯಂ ಇನ್ನೂ ಹಟಮಾರಿ. ಹಳೆಯ ಪೆಟ್ಟಿಗೆಗಳು ಗಿಟಾರ್ ಟ್ಯೂನರಿನ ಶ್ರುತಿಯ ಅಳತೆಯಾದ 440 ಹರ್ಟ್ಜ್‌ಗೆ ಸರಿಯಾಗಿ ಕೂರುವುದು ಅಪರೂಪ. ಅದರ ರೀಡನ್ನು ಸ್ಟುಡಿಯೋದಲ್ಲಿ ಕೂತು ಕೆರೆಯಲಾಗುವುದಿಲ್ಲ. ಆಗ ಹಾರ್ಮೋನಿಯಂ ಮೊದಲು ಅಳೆದು, ಗಿಟಾರನ್ನೇ ಅದಕ್ಕೆ ಹೊಂದಿಸಬೇಕು. ಗಿಟಾರ್ ಮೊದಲೇ ರೆಕಾರ್ಡ್ ಆಗಿದ್ದರೆ ಮುಗಿಯಿತು ಕಥೆ.

ಮಾಸ್ತರರು ಹಾಡನ್ನು ಎರಡು ಸಲ ಕೇಳಿದರು. ತೊಡೆಯ ಮೇಲೆ ಬೆರಳು ಆಡುತ್ತಿತ್ತು. ಆಮೇಲೆ ಮೆಲ್ಲಗೆ, "ಎರಡನೇ ನುಡಿ ಮುಗದ ಮ್ಯಾಲೆ ಒಂದು ಮಾತ್ರಾ ಕಡಿಮಿ ಐತಿ. ಬೇಕಂತ ಬಿಟ್ಟೀರೋ, ಬಿಟ್ಟು ಹೋಗೇತೋ?" ಅಂದರು. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಆರು ತಿಂಗಳು ಆ ಹಾಡು ನುಡಿಸಿದ್ದರು, ಒಬ್ಬರಿಗೂ ಗೊತ್ತಿರಲಿಲ್ಲ. ಕೊನೆಗೆ ಅದನ್ನು ಹಾಗೇ ಉಳಿಸಿಕೊಂಡರು. ಮಾಸ್ತರರು ಆ ಜಾಗಕ್ಕೆ ಒಂದು ಚಿಕ್ಕ ತುಕಡಾ, ಅಂದರೆ ತಬಲಾದ ಬೋಲುಗಳ ಸಣ್ಣ ಕಟ್ಟು, ಹಾಕಿದ ಮೇಲೆ ತಪ್ಪೇ ಹಾಡಿನ ಚೆಂದವಾಯಿತು. ಮೂರನೇ ಟೇಕ್‌ಗೆ ಮುಗಿಯಿತು. ಅದೂ ಎರಡನೆಯದರ ನಡುವೆ ರೈಲು ಕೂಗಿತೆಂದು ಮೂರನೆಯದು. 1507 ಮೀಟರ್ ಉದ್ದದ ಪ್ಲಾಟ್‌ಫಾರ್ಮ್ ಇರುವ ಊರಿನಲ್ಲಿ ರೆಕಾರ್ಡಿಂಗ್ ಮಾಡಿದರೆ ಇಷ್ಟು ಸಹಿಸಬೇಕು. ಗೋಡೆಗೆ ಅಂಟಿಸಿದ ಮೊಟ್ಟೆಯ ಟ್ರೇಗಳು ರೈಲನ್ನು ತಡೆಯುವುದಿಲ್ಲ. ತೆಳು ರಟ್ಟು ಕೋಣೆಯೊಳಗಿನ ಕೀಚು ಸದ್ದನ್ನು ತುಸು ಹೀರೀತು, ಹೊರಗಿನ ಸದ್ದು ತಡೆಯಲು ಭಾರವಾದ ಗೋಡೆಯೇ ಬೇಕು.

ಅಮೆರಿಕದ ನ್ಯಾಶ್‌ವಿಲ್ ಊರಿನ ಸೆಷನ್ ಕಲಾವಿದರಿಗೆ ಒಂದು ಪದ್ಧತಿ ಇದೆ. ಸ್ವರಮೇಳಗಳಿಗೆ (ಕಾರ್ಡ್‌ಗಳಿಗೆ) ಹೆಸರು ಬರೆಯದೆ 1, 4, 5 ಎಂದು ಅಂಕಿ ಬರೆಯುತ್ತಾರೆ. ಹಾಡುವವರಿಗೆ ಸ್ಕೇಲ್ ಎತ್ತರವಾಯಿತು ಅಂದರೆ ಹಾಳೆ ಬದಲಿಸಬೇಕಿಲ್ಲ, 1 ಯಾವುದು ಅಂತ ಬದಲಿಸಿದರೆ ಸಾಕು. ಇದನ್ನು ಕೇಳಿ ಹುಡುಗರು ಬೆರಗಾದರು. ಬೆರಗಾಗುವಂಥದ್ದೇನಿದೆ? ಸಾ, ಮ, ಪ ಅಂತ ಅಂದುಕೊಳ್ಳಿ. ಸಾ ಎಲ್ಲಿಟ್ಟರೆ ಹಾಡು ಅಲ್ಲಿಂದ. ಮಾಸ್ತರರು ಕೇಳಿದ್ದೂ ಇದನ್ನೇ.

ಈಗ ಹುಡುಗನ ಪ್ರಶ್ನೆಗೆ ಬರುತ್ತೇನೆ. ಬೇರೆಯವರು ನುಡಿಸಿದರೆ ಹಾಡು ನಮ್ಮದಾಗಿ ಉಳಿಯುತ್ತದೆಯೇ?

ಧಾರವಾಡದಲ್ಲಿ ಯಾವುದಾದರೂ ಸಂಗೀತ ಕಛೇರಿಯ ಆಮಂತ್ರಣ ಪತ್ರಿಕೆ ತೆಗೆದು ನೋಡಿ. ಗಾಯಕರ ಹೆಸರು, ಅದರ ಕೆಳಗೆ ತಬಲಾ ಸಾಥ್, ಹಾರ್ಮೋನಿಯಂ ಸಾಥ್, ಕೆಲವು ಸಲ ತಂಬೂರಿ ಸಾಥ್ ಕೂಡ. ಧಾರವಾಡ ಆಕಾಶವಾಣಿ 1950ರಿಂದ ನಡೆಯುತ್ತಿದೆ. ಗಾಯನ ಮುಗಿದ ಕೂಡಲೇ ಉದ್ಘೋಷಕರು ಸಾಥ್ ನೀಡಿದವರ ಹೆಸರು ಹೇಳುವುದನ್ನು ಕೇಳುತ್ತಲೇ ನಾವು ಬೆಳೆದೆವು. ಸಾಥಿದಾರ ಬೇರೆಯವನಾದ ಮಾತ್ರಕ್ಕೆ ಅದು ಗಾಯಕನ ಗಾಯನ ಅಲ್ಲ ಅಂತ ಯಾರೂ ಅನ್ನಲಿಲ್ಲ. ಹೆಸರು ಹೇಳಿದ್ದರಿಂದ ಗಾಯಕ ಸಣ್ಣವನೂ ಆಗಲಿಲ್ಲ.

ರಾಕ್ ಬ್ಯಾಂಡಿನ ತೊಡಕು ಬೇರೆ. ಅದು ಹಾಡಿನ ಜೊತೆ ಒಂದು ಗೆಳೆತನವನ್ನೂ ಮಾರುತ್ತದೆ. ಕವರಿನ ಮೇಲೆ ನಾಲ್ಕು ಮುಖ ಇದ್ದರೆ ಕೇಳುವವನು ಆ ನಾಲ್ವರೇ ನುಡಿಸಿದ್ದು ಎಂದುಕೊಳ್ಳುತ್ತಾನೆ. ಆ ನಂಬಿಕೆ ಕೆಡದಿರಲಿ ಎಂದು ಕಂಪನಿಗಳು ಐದನೆಯವನ ಹೆಸರನ್ನು ನುಂಗಿದವು. ಟಿವಿಗೆಂದೇ ಕಟ್ಟಿದ್ದ ಮಂಕೀಸ್ ಬ್ಯಾಂಡಿನ ಮೊದಲ ಆಲ್ಬಮ್ಮುಗಳಲ್ಲಿ ವಾದ್ಯ ನುಡಿಸಿದವರು ಹೆಚ್ಚಾಗಿ ಸೆಷನ್ ಕಲಾವಿದರು. ಸುದ್ದಿ ಹೊರಬಿದ್ದಾಗ ಬೈಗುಳ ತಿಂದವರು ಬ್ಯಾಂಡಿನ ಹುಡುಗರು. 1967ರಲ್ಲಿ ಹಟ ಹಿಡಿದು ತಾವೇ ನುಡಿಸಿ ಒಂದು ಆಲ್ಬಮ್ ತಂದರು.

ಬೀಟಲ್ಸ್ ವಿಷಯದಲ್ಲಿ ಇನ್ನೂ ವಿಚಿತ್ರ. 1966ರ 'ರಿವಾಲ್ವರ್' ಆಲ್ಬಮ್ಮಿನ ಒಂದು ಹಾಡಿಗೆ ಅನಿಲ್ ಭಾಗವತ್ ತಬಲಾ ನುಡಿಸಿದರು. ಹೆಸರು ಕವರಿನ ಮೇಲೆ ಅಚ್ಚಾಯಿತು. ಮರುವರ್ಷ 'ಸಾರ್ಜೆಂಟ್ ಪೆಪರ್ಸ್' ಬಂತು. ಅದರಲ್ಲಿ ಜಾರ್ಜ್ ಹ್ಯಾರಿಸನ್ನರ ಹಾಡಿಗೆ ಲಂಡನ್ನಿನಲ್ಲಿದ್ದ ಭಾರತೀಯರು ತಬಲಾ, ದಿಲ್ರುಬಾ, ತಂಬೂರಿ ನುಡಿಸಿದರು. ಕವರಿನಲ್ಲಿ ಅವರ ಹೆಸರೇ ಇಲ್ಲ. ನಟವರ್ ಸೋನಿ, ಅಮೃತ್ ಗಜ್ಜರ್, ಅನ್ನಾ ಜೋಶಿ, ಬುದ್ಧದೇವ್ ಕನ್ಸಾರಾ ಎಂಬ ಹೆಸರುಗಳು ಜನಕ್ಕೆ ತಿಳಿದದ್ದು 2017ರಲ್ಲಿ. ಐವತ್ತು ವರ್ಷ! ನಮ್ಮ ಸಿನಿಮಾ ಸಂಗೀತವೂ ಈ ವಿಷಯದಲ್ಲಿ ಸಾಚಾ ಅಲ್ಲ. 1971ರ 'ದಮ್ ಮಾರೋ ದಮ್' ಹಾಡಿನ ಆ ಗಿಟಾರ್ ಗಜಲ್ ಗಾಯಕ ಭೂಪಿಂದರ್ ಸಿಂಗ್ ಅವರದು ಎಂದು ಎಷ್ಟು ಜನರಿಗೆ ಗೊತ್ತು?

ಹೆಸರಿನ ಹಿಂದೆ ದುಡ್ಡೂ ಇದೆ. ಸೆಷನ್ ಕಲಾವಿದನಿಗೆ ಸಾಮಾನ್ಯವಾಗಿ ಒಂದೇ ಸಲದ ಸಂಭಾವನೆ. ಹಾಡು ಓಡಿದರೂ ಅಷ್ಟೇ, ಬಿದ್ದರೂ ಅಷ್ಟೇ. ಇದು ಅನ್ಯಾಯ ಅಂತ ನಾನು ಹೇಳುವುದಿಲ್ಲ. ಹಾಡು ಬಿದ್ದರೆ ನಷ್ಟ ಅವನದಲ್ಲವಲ್ಲ. ಆದರೆ ಬಂದವನು ನುಡಿಸುವುದರ ಜೊತೆ ಹಾಡನ್ನೇ ಕಟ್ಟಿಕೊಟ್ಟರೆ? 1973ರಲ್ಲಿ ಪಿಂಕ್ ಫ್ಲಾಯ್ಡ್ ಆಲ್ಬಮ್ಮಿಗೆ ಕ್ಲೇರ್ ಟೋರಿ ಎಂಬಾಕೆ ಪದಗಳೇ ಇಲ್ಲದ ಒಂದು ಆಲಾಪ ಮಾಡಿದರು. ಭಾನುವಾರದ ಸೆಷನ್, ಕೊಟ್ಟದ್ದು 30 ಪೌಂಡ್. ಆಲಾಪ ಆಕೆಯೇ ಆ ಕ್ಷಣಕ್ಕೆ ಕಟ್ಟಿದ್ದು. 2004ರಲ್ಲಿ ಕೋರ್ಟಿಗೆ ಹೋದರು, 2005ರಲ್ಲಿ ರಾಜಿಯಾಯಿತು. ಈಗ ಸಂಗೀತ ರಚನೆಯಲ್ಲಿ ಆಕೆಯ ಹೆಸರೂ ಇದೆ. ನಮ್ಮ ಮಾಸ್ತರರ ಆ ತುಕಡಾ ಯಾವ ಲೆಕ್ಕಕ್ಕೆ ಬರುತ್ತದೆ ಅಂತ ನಾನು ಇನ್ನೂ ಯೋಚಿಸುತ್ತೇನೆ.

ನಮ್ಮ ಕಾನೂನು ಕಲಾವಿದನನ್ನು ಪೂರ್ತಿ ಕೈಬಿಟ್ಟಿಲ್ಲ. 1957ರ ಕಾಪಿರೈಟ್ ಕಾಯ್ದೆಗೆ 1994ರಲ್ಲಿ ಪ್ರದರ್ಶಕರ ಹಕ್ಕು ಸೇರಿತು, 2012ರ ತಿದ್ದುಪಡಿ ಅದನ್ನು ಗಟ್ಟಿ ಮಾಡಿತು. ಈ ಹಕ್ಕಿನ ಅವಧಿ 50 ವರ್ಷ. ನುಡಿಸಿದವನು ತಾನೇ ಎಂದು ಗುರುತಿಸಿಕೊಳ್ಳುವ ಹಕ್ಕೂ ಇದರಲ್ಲಿದೆ. ಬ್ಯಾಂಡಿನವರು ನೆನಪಿಡಬೇಕಾದ್ದು ಇನ್ನೊಂದು. ಹಕ್ಕು ಬಿಟ್ಟುಕೊಡುವುದು ಬಾಯಿಮಾತಿನಲ್ಲಿ ಆಗುವುದಿಲ್ಲ, ಬರವಣಿಗೆಯಲ್ಲಿ ಸಹಿ ಬೇಕು. ಅದರಲ್ಲಿ ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಕಾನೂನು ಅದನ್ನು 5 ವರ್ಷ ಎಂದು ಓದಿಕೊಳ್ಳುತ್ತದೆ. ಎಲ್ಲೆಲ್ಲಿಗೆ ಎಂದು ಬರೆಯದಿದ್ದರೆ ಭಾರತಕ್ಕೆ ಮಾತ್ರ. ಹಾಡನ್ನು ಜಗತ್ತಿಗೆಲ್ಲ ಬಿಡುವ ಹುಡುಗರು ಒಂದು ಪುಟದ ಕಾಗದ ಮಾಡಿಸದೆ ಇರುವುದು ನೋಡಿದರೆ ನನಗೆ ಸಿಟ್ಟು ಬರುತ್ತದೆ. ಒಮ್ಮೆ ನಾನೇ ಹೀಗೆ ಬಾಯಿಮಾತಿಗೆ ಒಪ್ಪಿ ಎರಡು ದಿನ ಕೀಬೋರ್ಡ್ ನುಡಿಸಿದ್ದೆ. ಹಾಡು ಬಂತು, ನನ್ನ ಹೆಸರು ಬರಲಿಲ್ಲ. ಕೇಳಿದರೆ "ಜಾಗ ಸಾಲಲಿಲ್ರೀ" ಅಂದರು. ಯೂಟ್ಯೂಬಿನಲ್ಲಿ ಜಾಗ ಸಾಲದೇ?

ಇಷ್ಟಾದ ಮೇಲೆ ಕರೆಸುವ ರೀತಿ. ನಮ್ಮ ಕಡೆ ಮುಂಗಡಕ್ಕೆ ಸಂಚಕಾರ ಅಂತಾರೆ. ಬೆಂಗಳೂರಿನ ಡ್ರಮ್ಮರಿಗೆ "ಸಂಚಕಾರ ಕಳಸ್ತೀವಿ" ಅಂದಾಗ ಅವನು ಗಾಬರಿಯಾಗಿ ನನಗೆ ಫೋನ್ ಮಾಡಿದ್ದ. ಅರ್ಧ ಮೊದಲು, ಅರ್ಧ ಟೇಕ್ ಒಪ್ಪಿಗೆಯಾದ ದಿನವೇ. ಬಸ್ ಚಾರ್ಜು, ಊಟ ಬೇರೆ. ಹಾಡಿನ ಕಚ್ಚಾ ರೆಕಾರ್ಡಿಂಗು, ವೇಗ, ಸ್ಕೇಲ್ ಒಂದು ವಾರ ಮೊದಲೇ ಮುಟ್ಟಬೇಕು. ಈಗ ಎಷ್ಟೋ ಜನ ಮನೆಯಲ್ಲೇ ನುಡಿಸಿ ಫೈಲ್ ಕಳಿಸುತ್ತಾರೆ. ಹಾಗಿದ್ದರೆ ಎಂಪಿತ್ರೀ ಬೇಡ, ವೇವ್ ಫೈಲ್ ಕೇಳಿ. ಎಕೋ, ರಿವರ್ಬ್ ಏನೂ ಹಾಕದೆ ಒಣದಾಗಿ ಕಳಿಸಲಿ, ಒಮ್ಮೆ ಬೆರೆತ ಎಕೋ ಮತ್ತೆ ತೆಗೆಯಲು ಬರುವುದಿಲ್ಲ. ಹಾಡಿನ ನಡುವೆ ನುಡಿಸಿದ್ದರೂ ಫೈಲು ಹಾಡಿನ ಮೊದಲ ಸೆಕೆಂಡಿನಿಂದಲೇ ಶುರುವಾಗಲಿ. ಇಲ್ಲದಿದ್ದರೆ ಯಾವ ತುಣುಕು ಎಲ್ಲಿ ಕೂರಬೇಕೆಂದು ಹುಡುಕುವುದರಲ್ಲೇ ಒಂದು ದಿನ ಹೋಗುತ್ತದೆ.

ಹಾಡು ಡಿಸೆಂಬರಿನಲ್ಲಿ ಬಿಡುಗಡೆಯಾಯಿತು. ಅದಕ್ಕೂ ಮೊದಲು ಮಾಸ್ತರರಿಗೆ ಕೇಳಿಸಲೆಂದು ಹುಡುಗರು ಗದಗಿಗೆ ಹೋದರು. ನಾನೂ ಹೋಗಿದ್ದೆ. ಮಾಸ್ತರರು ಹಾಡು ಕೇಳಿದರು. "ಕೆಳಗ ಹೆಸರು ಹಾಕೀರಲ್ಲ, ಓದಿ ಹೇಳಪಾ" ಅಂದರು. ಡ್ರಮ್ಮರ್ ಹುಡುಗನೇ ಫೋನ್ ಹಿಡಿದು ಓದಿದ. ಗಾಯನ, ಗಿಟಾರ್, ಬೇಸ್. ತಬಲಾ ಸಾಥ್ ಎಂದು ಮಾಸ್ತರರ ಹೆಸರು, ಮುಂದೆ ಗದಗ. ಡ್ರಮ್ಸ್ ಎಂದು ಬೆಂಗಳೂರಿನವನ ಹೆಸರು.

"ನಡುವ ದಮ್ಮಡಿ ಕೇಳಸ್ತದಲ್ಲ, ಅದು ಯಾರದು?"

"ಅದು ನಂದ್ರಿ, ಮಾಸ್ತರ್ರ."

"ಹೌದೇನು? ಛಲೋ ಐತಿ," ಅಂದರು. ಆಮೇಲೆ ತೊಡೆ ಮೇಲೆ ಬೆರಳು ಬಡಿಯುತ್ತ, "ಕಡೀ ನುಡಿಯಾಗ ಒಂಚೂರು ಓಡೇತಿ ನೋಡು."